ಸೋಸಣ್ಣ ಕಲಸಿದ ಹಾಲು

ಅವನಿಗೆ ಸೋಸಣ್ಣ ಎಂದು ಹೆಸರಿಟ್ಟವರು ಅವನ ಜೊತೆ ಗೋಡೆಗೆ ಬಣ್ಣ ಬಳಿಯುವವರೇ. ಅಂಗಡಿಯಿಂದ ಬಂದ ಬಣ್ಣದ ಡಬ್ಬ ಎಷ್ಟೇ ಹೊಸದಾಗಿರಲಿ, ಬಕೆಟ್ಟಿನ ಬಾಯಿಗೆ ಹಳೆಯ ಬಟ್ಟೆ ಕಟ್ಟಿ ಸೋಸದೆ ಅವನು ಬ್ರಷ್ ಅದ್ದುತ್ತಿರಲಿಲ್ಲ. ಉಳಿದವರು ಅರ್ಧ ಗೋಡೆ ಮುಗಿಸಿ ಟೀಗೆ ಎದ್ದು ಹೋಗುವ ಹೊತ್ತಿಗೆ ಇವನದು ಇನ್ನೂ ಸೋಸುವ ಶಾಸ್ತ್ರವೇ ನಡೆದಿರುತ್ತಿತ್ತು. ಮೇಸ್ತ್ರಿ ಬೈದು ಬೈದು ಸುಸ್ತಾಗಿ ಕೈಬಿಟ್ಟಿದ್ದ. ಬಿಡದೆ ಏನು ಮಾಡುತ್ತಾನೆ? ಸೋಸಣ್ಣ ಬಳಿದ ಗೋಡೆಯ ಮೇಲೆ ಕೈಯಾಡಿಸಿದರೆ ಸಾಸಿವೆ ಕಾಳಿನಷ್ಟು ಗಂಟೂ ಸಿಗುತ್ತಿರಲಿಲ್ಲ, ಮನೆ ಮಾಲೀಕರು ಮುಂದಿನ ಸಲವೂ ಅವನನ್ನೇ ಕೇಳುತ್ತಿದ್ದರು.

ಬಣ್ಣದ ಹದ ನೋಡುವುದರಲ್ಲಂತೂ ಅವನದು ಎತ್ತಿದ ಕೈ. ಕೋಲನ್ನು ಅದ್ದಿ ಮೇಲೆತ್ತಿ ಹಿಡಿಯುತ್ತಿದ್ದ. ಬಣ್ಣ ದಾರದ ಹಾಗೆ ಇಳಿಯಿತೋ, ಕಡಿದು ಕಡಿದು ಬಿತ್ತೋ ನೋಡುತ್ತಿದ್ದ. ಅಷ್ಟರಲ್ಲೇ ಇನ್ನೆಷ್ಟು ನೀರು ಬೇಕೆಂದು ಹೇಳಿಬಿಡುತ್ತಿದ್ದ. ಆ ಕಣ್ಣಿನ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಕೊಂಚ ಜಾಸ್ತಿಯೇ ಇತ್ತು ಅನ್ನಬೇಕು. ಹೆಮ್ಮೆ ಪಡಲು ಬೇರೇನೂ ಇಲ್ಲದವನು, ಅದೊಂದನ್ನು ಅವನಿಗೆ ಬಿಟ್ಟುಕೊಡೋಣ.

ಹೆಂಡತಿ ಬೇಕರಿಯಲ್ಲಿ ತೂಕದ ಕೆಲಸದವಳು. ಬ್ರೆಡ್ಡಿನ ಹಿಟ್ಟನ್ನು ತುಂಡು ತುಂಡಾಗಿ ಕತ್ತರಿಸಿ ತಕ್ಕಡಿಗೆ ಹಾಕುವುದು, ಹೆಚ್ಚಾದರೆ ಚಿವುಟುವುದು, ಕಮ್ಮಿಯಾದರೆ ಅಂಟಿಸುವುದು. ವರ್ಷಗಟ್ಟಲೆ ಮಾಡಿ ಮಾಡಿ ಚಿವುಟುವುದೂ ಅಂಟಿಸುವುದೂ ನಿಂತೇ ಹೋಗಿತ್ತು. ಕತ್ತರಿಸಿದ್ದು ಕತ್ತರಿಸಿದ ಹಾಗೆಯೇ ತೂಗುತ್ತಿತ್ತು. ಇಬ್ಬರಿಗೂ ಮದುವೆಯಾದದ್ದು ತಡವಾಗಿ, ಮಗುವಾದದ್ದು ಇನ್ನೂ ತಡವಾಗಿ. ಆ ಮಗುವೋ ಹೊಟ್ಟೆಯಲ್ಲಿ ತಿಂಗಳು ತುಂಬುವ ಮುಂಚೆಯೇ ಅವಸರ ಮಾಡಿಕೊಂಡು ಬಂತು. ಕಡ್ಡಿಯ ಹಾಗಿದ್ದ ಹೆಣ್ಣುಮಗುವನ್ನು ಸೋಸಣ್ಣನ ತಾಯಿ ಗುಂಡಮ್ಮ ಎಂದು ಕರೆದರು. ಹೆಸರಿಗಾದರೂ ಮೈ ಬರಲಿ ಎಂದು.

ಗುಂಡಮ್ಮನಿಗೆ ಹಸಿವಿತ್ತು, ಚೀಪುವ ಆಸೆಯಿತ್ತು, ನುಂಗುವುದು ಮಾತ್ರ ಬರುತ್ತಿರಲಿಲ್ಲ. ಹಾಲು ಕುಡಿದ ಮೇಲೆ ಎದೆ ಗೊರಗೊರ ಎನ್ನುತ್ತಿತ್ತು. ಎರಡು ಸಲ ಜ್ವರ ಬಂದು ಆಸ್ಪತ್ರೆ ಸೇರಿದ ಮೇಲೆ, ಅಲ್ಲಿನ ವೈದ್ಯರು ಮಕ್ಕಳಿಗೆ ನುಂಗುವುದನ್ನು ಕಲಿಸುವ ಒಬ್ಬರ ಬಳಿ ಕಳಿಸಿದರು. ಮನೆಯಲ್ಲಿ ಅವರಿಗೆ ಬಿದ್ದ ಹೆಸರು ಗುಟುಕು ಮೇಡಂ. ಅವರು ಮಗುವನ್ನು ಯಂತ್ರದ ಮುಂದೆ ಕೂರಿಸಿ, ಪರದೆಯಲ್ಲಿ ಕಾಣುವ ಮದ್ದು ಬೆರೆಸಿದ ಹಾಲು ಕುಡಿಯುತ್ತಿರುವಾಗಲೇ ಎಕ್ಸ್-ರೇ ತೆಗೆಸಿದರು. ಒಳಗೆ ಒಬ್ಬರಿಗೆ ಮಾತ್ರ ಜಾಗ. ಹೆಂಡತಿ ಬಾಗಿಲ ಹೊರಗೆ ಉಳಿದಳು, ಸೋಸಣ್ಣ ಒಳಗೆ ನಿಂತ.

ಪರದೆಯ ಮೇಲೆ ಕಪ್ಪಗೆ ಇಳಿದ ಹಾಲು ಗಂಟಲಿನ ತಿರುವಿಗೆ ಬಂದು, ಹೊಟ್ಟೆಯ ದಾರಿ ಹಿಡಿಯುವ ಬದಲು ಒಂದು ತೆಳುವಾದ ಎಳೆಯಾಗಿ ಮುಂದಿನ ಕೊಳವೆಗೆ, ಉಸಿರಿನ ದಾರಿಗೆ ಜಾರಿತು. ಮಗು ಕೆಮ್ಮಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಸುಖವಾಗಿ ಕುಡಿಯುತ್ತಲೇ ಇತ್ತು.

"ಇದೇ ನೋಡಿ ಅಪಾಯ," ಎಂದರು ಗುಟುಕು ಮೇಡಂ. "ಬೇರೆ ಮಕ್ಕಳು ಕೆಮ್ಮಿ ಹೇಳ್ತಾರೆ. ಇವಳು ಹೇಳೋದೇ ಇಲ್ಲ. ಕೆಮ್ಮಲಿಲ್ಲ ಅಂತ ಯಾವತ್ತೂ ಧೈರ್ಯ ತಗೋಬೇಡಿ."

ಪರಿಹಾರವನ್ನೂ ಅವರೇ ಹೇಳಿದರು. ಡಬ್ಬಿ ಹಾಲಿಗೆ ವೈದ್ಯರು ಬರೆದುಕೊಟ್ಟ ಒಂದು ಪುಡಿ ಬೆರೆಸಬೇಕು. ಆಗ ಹಾಲು ಗಟ್ಟಿಯಾಗಿ ನಿಧಾನಕ್ಕೆ ಇಳಿಯುತ್ತದೆ, ಗಂಟಲಿಗೆ ದಾರಿ ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಒಂದು ಬಾಟಲಿಗೆ ಎರಡು ಚಮಚ, ತಲೆತಟ್ಟಾಗಿ, ಅಂದರೆ ಚಮಚದ ಅಂಚಿಗೆ ಸಮನಾಗಿ. ಬೆರೆಸಿ ಸ್ವಲ್ಪ ಹೊತ್ತು ಬಿಡಬೇಕು, ಬಹಳ ಹೊತ್ತು ಬಿಡಬಾರದು, ಇನ್ನೂ ಗಟ್ಟಿಯಾಗಿ ಮಗು ಎಳೆದು ಎಳೆದು ಸೋತುಹೋಗುತ್ತದೆ. ಆಮೇಲೆ ಮಗುವಿಗೆ ಶಕ್ತಿ ಬಂದ ಹಾಗೆ ತಾವು ಹೇಳಿದಾಗ ಪುಡಿ ಕಮ್ಮಿ ಮಾಡುತ್ತಾ ಬರಬೇಕು. ಯಾವಾಗಲೂ ಗಟ್ಟಿಯದನ್ನೇ ಕೊಟ್ಟರೆ ಗಂಟಲು ಕಲಿಯುವುದೇ ಇಲ್ಲ ಎಂದರು.

ಮನೆಗೆ ಬಂದು ಮೊದಲು ಕಲಸಿದವಳು ಹೆಂಡತಿ. ಅವಸರಕ್ಕೆ ನೀರು ಬಿಸಿ ಜಾಸ್ತಿಯಾಗಿ ಪುಡಿ ಗಂಟು ಕಟ್ಟಿತು, ನಿಪ್ಪಲ್ಲಿನ ತೂತು ಮುಚ್ಚಿತು, ಮಗು ಎಳೆಯಲಾರದೆ ಕಿರುಚಿತು. ಸೋಸಣ್ಣ ಬಾಟಲಿ ಕಿತ್ತುಕೊಂಡ.

"ಬಿಡು ಮಾರಾಯ್ತಿ, ನಿನಗೆ ತೂಕ ಗೊತ್ತು, ಹದ ಗೊತ್ತಿಲ್ಲ. ಇದು ನನ್ನ ಕೆಲಸ."

ತಾಯಿ ನಕ್ಕರು. ಹೆಂಡತಿಯೂ ನಕ್ಕಳು. ನಗುವುದರಲ್ಲಿ ಏನೂ ತಪ್ಪಿರಲಿಲ್ಲ, ಆದರೆ ಆಮೇಲೆ ಆ ಚಮಚ ಅವಳ ಕೈಗೆ ಬರಲೇ ಇಲ್ಲ.

ದಿನವಿಡೀ ಮನೆಯಲ್ಲಿ ಕೂರುವ ಹಾಗಿಲ್ಲದ ಸೋಸಣ್ಣ ಒಂದು ಉಪಾಯ ಮಾಡಿದ. ಬೇರೆ ಬೇರೆ ಗೋಡೆಗೆ ಒಂದೇ ಬಣ್ಣ ಬರಬೇಕಾದರೆ ಪೇಂಟರುಗಳು ಬಣ್ಣದ ಪುಡಿಯನ್ನು ಮೊದಲೇ ಅಳೆದು ಪೊಟ್ಟಣ ಕಟ್ಟಿ ಇಟ್ಟುಕೊಳ್ಳುತ್ತಾರೆ. ಅದೇ ಲೆಕ್ಕದಲ್ಲಿ, ಪುಟ್ಟ ಪುಟ್ಟ ಮುಚ್ಚಳದ ಡಬ್ಬಿಗಳನ್ನು ತಂದು ತೊಳೆದು ಒಣಗಿಸಿ, ಒಂದೊಂದರಲ್ಲೂ ಒಂದು ಹೊತ್ತಿನ ಹಾಲಿನ ಪುಡಿ ಮತ್ತು ಗಟ್ಟಿಪುಡಿ ಎರಡನ್ನೂ ಸೇರಿಸಿ ಇಡತೊಡಗಿದ. ಹೆಂಡತಿ ಡಬ್ಬಿಯೊಂದನ್ನು ಬಾಟಲಿಗೆ ಸುರಿದು, ಕುದಿಸಿ ಆರಿಸಿದ ನೀರು ಹಾಕಿ ಅಲ್ಲಾಡಿಸಿದರೆ ಸಾಕು. ಗುಟುಕು ಮೇಡಂ ಕೂಡ ಮೆಚ್ಚಿಕೊಂಡರು. ಗುಂಡಮ್ಮನ ಎದೆಯ ಗೊರಗೊರ ನಿಂತಿತು, ಕೆನ್ನೆ ಬಂತು, ಹೆಸರಿಗೆ ತಕ್ಕ ಹಾಗೆ ಕಾಣತೊಡಗಿದಳು.

ಆಗ ಮೇಡಂ ಪುಡಿಯನ್ನು ಒಂದೂವರೆ ಚಮಚಕ್ಕೆ ಇಳಿಸಿ ಎಂದರು.

ಸೋಸಣ್ಣ ಅಂದು ಅಡಿಗೆಮನೆಯ ಕಟ್ಟೆಯ ಮೇಲೆ ಡಬ್ಬಿಗಳನ್ನು ಸಾಲಾಗಿಟ್ಟು ಕೂತ. ಒಂದೂವರೆ ಹಾಕಿ ಒಂದು ಬಾಟಲಿ ಕಲಸಿ ಬಗ್ಗಿಸಿ ನೋಡಿದ. ಹಾಲು ಬೇಗ ಬೇಗ ತೊಟ್ಟಿಕ್ಕಿತು. ಕಣ್ಣೆದುರು ಆ ಪರದೆ, ಆ ತೆಳು ಎಳೆ ಬಂದು ನಿಂತಿತು. ಹೆಂಡತಿ ಅದನ್ನು ನೋಡಿರಲಿಲ್ಲ, ಅವನು ನೋಡಿದ್ದ. ಬಾಟಲಿಯನ್ನು ಚೆಲ್ಲಿ, ಎಲ್ಲ ಡಬ್ಬಿಗೂ ಎರಡೆರಡು ಚಮಚವೇ ಹಾಕಿ ಮುಚ್ಚಿಟ್ಟ. ಇನ್ನೊಂದು ವಾರ ಹೀಗೇ ಇರಲಿ, ಆಮೇಲೆ ಇಳಿಸಿದರಾಯಿತು ಅಂದುಕೊಂಡ. ಹೆಂಡತಿ ಕೇಳಿದಾಗ ಇಳಿಸಿದೆ ಎಂದ.

ಮುಂದಿನ ಭೇಟಿಯಲ್ಲಿ ಮೇಡಂ ಮಗುವಿನ ಎದೆಗೆ ಕಿವಿಗೊಟ್ಟು ಕೇಳಿದರು, ತೂಕ ನೋಡಿದರು, ಜ್ವರ ಬಂದಿತ್ತೇ ಎಂದು ವಿಚಾರಿಸಿದರು.

"ಏನೂ ತೊಂದರೆ ಇಲ್ಲ ಮೇಡಂ," ಎಂದ ಸೋಸಣ್ಣ.

ಅದು ನಿಜವೇ. ಎರಡು ಚಮಚಕ್ಕೆ ಏನೂ ತೊಂದರೆ ಇರಲಿಲ್ಲ. ಮೇಡಂ ಖುಷಿಯಾಗಿ, "ಒಂದೂವರೆ ಚೆನ್ನಾಗಿ ಒಗ್ಗಿದೆ, ಇನ್ನು ಒಂದಕ್ಕೆ ಇಳಿಸಿ," ಎಂದರು. ಅವನು ಮತ್ತೆ ಎರಡೇ ಹಾಕಿದ. ಹೀಗೆ ಅವನ ಒಂದು ಸುಳ್ಳನ್ನು ನಂಬಿ ಮೇಡಂ ಒಂದು ಮೆಟ್ಟಿಲು ಕೆಳಗೆ ಕರೆದರು, ಮಗು ಮಾತ್ರ ಮೇಲಿನ ಮೆಟ್ಟಿಲಲ್ಲೇ ಕೂತಿತ್ತು. ಅವನು ಕೆಟ್ಟವನಲ್ಲ. ಹೆದರಿದವನು. ಹೆದರಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ್ದರೆ ಆ ಮೇಡಂ ಅವನನ್ನು ತಿಂದುಹಾಕುತ್ತಿರಲಿಲ್ಲ. ಹದದ ವಿಷಯದಲ್ಲಿ ಸೋಸಣ್ಣ ಹೆದರಿದ್ದಾನೆ ಎಂದು ಹೇಳಿಕೊಳ್ಳಲು ಸೋಸಣ್ಣನಿಗೇ ಆಗಲಿಲ್ಲ.

ಅಷ್ಟರಲ್ಲಿ ದೂರದ ಊರಲ್ಲಿ ಒಂದು ದೊಡ್ಡ ಶಾಲೆಗೆ ಬಣ್ಣ ಬಳಿಯುವ ಕೆಲಸ ಬಂತು. ಕೆಲವು ದಿನ ಅಲ್ಲೇ ಉಳಿಯಬೇಕು. ಆ ದಿನಗಳಿಗೆ ಸಾಕಾಗುವಷ್ಟು ಡಬ್ಬಿ ತುಂಬಿಸಿಟ್ಟು ಹೊರಟ. ಹೋದಲ್ಲಿ ಹಳೆಯ ಗೋಡೆಯ ಗಾರೆ ಉದುರತೊಡಗಿ, ಅದನ್ನು ಕೆರೆದು ಪುಟ್ಟಿ ಹಚ್ಚುವುದರಲ್ಲಿ ಕೆಲಸ ಬೆಳೆಯಿತು. ಮನೆಯಲ್ಲಿ ಡಬ್ಬಿಗಳು ಮುಗಿದವು.

ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ನಿಂತಿದ್ದಾಗ ಹೆಂಡತಿಯ ಫೋನು ಬಂತು. ದನಿಯಲ್ಲಿ ಹಿಗ್ಗು.

"ರೀ, ಡಬ್ಬಿ ಖಾಲಿ ಆಯ್ತು ಅಂತ ನಿನ್ನೆಯಿಂದ ನಾನೇ ಕಲಸ್ತಾ ಇದೀನಿ. ಒಂದು ಗಂಟಿಲ್ಲ! ನಿಮ್ಮ ಗುಂಡಮ್ಮ ಗಟಗಟ ಅಂತ ಕುಡಿದುಬಿಟ್ಟಳು ಗೊತ್ತಾ? ನೀವು ಕಲಸಿದ್ದಕ್ಕೆ ಅಷ್ಟು ಹೊತ್ತು ಎಳೀತಿದ್ದಳು."

ಸೋಸಣ್ಣ ಬ್ರಷ್ ಕೆಳಗಿಟ್ಟ. "ಎಷ್ಟು ಹಾಕಿದೆ?"

"ಎಷ್ಟು ಅಂದ್ರೆ? ಒಂದು ಚಮಚ. ಮೇಡಂ ಹೇಳಿದ್ದು ಅಷ್ಟೇ ಅಲ್ವಾ, ನೀವು ಹಾಕ್ತಿದ್ದದ್ದೂ ಅಷ್ಟೇ."

"ಕೆಮ್ಮಿದಳಾ?"

"ಒಂದು ಸಲವೂ ಇಲ್ಲ."

ಕೆಮ್ಮದೆ ಇರುವುದಕ್ಕೆ ಏನು ಬೆಲೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಗ ಹೇಳಬೇಕಾಗಿದ್ದದ್ದು ಒಂದೇ ಮಾತು: ನಾನು ಎರಡು ಹಾಕುತ್ತಿದ್ದೆ, ನೀನೂ ಎರಡು ಹಾಕು. ಮಾತು ನಾಲಿಗೆಯ ತುದಿಯವರೆಗೂ ಬಂತು. ಇಷ್ಟು ದಿನ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದರೆ? ಮೇಡಂಗೆ ಏನು ಹೇಳುವುದು? ಕೆಳಗೆ ಮೇಸ್ತ್ರಿ ಬೇರೆ ಕೂಗುತ್ತಿದ್ದ.

"ಸ್ವಲ್ಪ ಗಟ್ಟಿಯಾಗಿ ಕೊಡು," ಎಂದ.

"ಯಾಕೆ?" ಅವಳ ಹಿಗ್ಗು ಇಳಿಯಿತು. "ನನ್ನ ಕೈ ಮೇಲೆ ನಿಮಗೆ ನಂಬಿಕೆ ಇಲ್ಲ, ಅಲ್ವಾ?"

"ಹಾಗಲ್ಲ ಕಣೇ. ಸರಿ ಬಿಡು. ನಾಳೆ ಬಂದುಬಿಡ್ತೀನಿ."

ಅವನು ಮರುದಿನ ಬರುವಷ್ಟರಲ್ಲಿ ಮಗು ಆಸ್ಪತ್ರೆಯಲ್ಲಿತ್ತು. ಮೂಗಿಗೆ ಆಕ್ಸಿಜನ್ ಕೊಳವೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುವಂಥ ಉಸಿರು. ನ್ಯುಮೋನಿಯಾ ಎಂದರು. ಗುಟುಕು ಮೇಡಂ ಓಡಿ ಬಂದು, ಹಾಲು ಹೇಗೆ ಕಲಸಿದಿರಿ ಎಂದು ಕೇಳಿದರು. ಹೆಂಡತಿ ಒಂದೊಂದಾಗಿ ಹೇಳಿದಳು: ಒಂದು ಚಮಚ, ತಲೆತಟ್ಟಾಗಿ, ನೀರು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು.

"ಅದೇ ಅಳತೆ ಇಷ್ಟು ದಿನ ಒಗ್ಗಿತ್ತಲ್ಲ," ಎಂದು ಮೇಡಂ ಹುಬ್ಬು ಗಂಟಿಕ್ಕಿದರು. "ಚಮಚ ಸರಿಯಾಗಿ ತುಂಬಿರಲಿಲ್ವೇನೋ. ಅಥವಾ ಪುಡಿ ನೆನೆಯೋ ಮುಂಚೆ ಕೊಟ್ಟಿರಬೇಕು. ಹೊಸದಾಗಿ ಕಲಸುವವರಿಗೆ ಹಾಗಾಗುತ್ತೆ, ಬೇಜಾರು ಮಾಡ್ಕೋಬೇಡಿ."

ಅವರು ಮೆತ್ತಗೆ ಹೇಳಿದರು. ಸೋಸಣ್ಣನ ತಾಯಿಗೆ ಅಷ್ಟು ಮೆತ್ತಗೆ ಹೇಳಲು ಬರುತ್ತಿರಲಿಲ್ಲ.

"ಅವನು ಕಲಸುವಾಗ ಒಂದು ದಿನ ಏನಾಗಿರಲಿಲ್ಲ ಕಣಮ್ಮ. ಎರಡು ದಿನ ನಿನ್ನ ಕೈಗೆ ಕೊಟ್ಟಿದ್ದಕ್ಕೆ ಹೀಗಾಯ್ತು."

"ನಾನೇ ಏನೋ ತಪ್ಪು ಮಾಡಿರಬೇಕು ಅತ್ತೆ," ಎಂದಳು ಹೆಂಡತಿ. ಸೋಸಣ್ಣ ಅಲ್ಲೇ ನಿಂತಿದ್ದ, ಉಗುರಿನ ಸಂದಿಯಲ್ಲಿ ಇನ್ನೂ ಶಾಲೆಯ ಗೋಡೆಯ ಹಳದಿ ಇತ್ತು. ಆಸ್ಪತ್ರೆಯ ಗೋಡೆಯ ಬಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತಾ ನಿಂತ. ಮಗು ಗುಣವಾಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ಮಗು ಗುಣವಾಯಿತು. ಮೇಡಂ ಮತ್ತೆ ಎರಡು ಚಮಚದಿಂದಲೇ ಶುರು ಮಾಡಿ ಎಂದರು. ಹೇಗೂ ಎರಡಕ್ಕೇ ಬಂತಲ್ಲ, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡ. ಈ ಸಲ ಮೇಡಂ ಇಳಿಸಿ ಎಂದಾಗಲೆಲ್ಲ ಹೇಳಿದಷ್ಟೇ ಇಳಿಸಿದ. ಗುಂಡಮ್ಮನ ಗಂಟಲು ನಿಧಾನಕ್ಕೆ ಕಲಿಯಿತು. ಮೊದಲೇ ಹೇಳಿದ ಹಾಗೆ ಮಾಡಿದ್ದರೆ ಆಗಲೇ ಕಲಿಯುತ್ತಿತ್ತು ಎಂಬುದೂ ಅವನಿಗೆ ಗೊತ್ತಾಯಿತು.

ಮಗು ದೊಡ್ಡದಾಯಿತು. ಆಟದಿಂದ ಓಡಿಬಂದು ಕೊಡದಲ್ಲಿ ಲೋಟ ಅದ್ದಿ ನೀರು ಕುಡಿಯುವ ಹುಡುಗಿಯಾದಳು. ಅವಳು ನೀರು ಕುಡಿಯುವಾಗ ಈಗಲೂ ತಾಯಿ ಕೆಲಸ ಬಿಟ್ಟು ನೋಡುತ್ತಾಳೆ, ಲೋಟ ಕೆಳಗಿಟ್ಟ ಮೇಲೆಯೇ ಉಸಿರು ಬಿಡುತ್ತಾಳೆ. ಬೇಕರಿಗೆ ವಾಪಸು ಹೋದವಳು ಹಿಟ್ಟಿನ ಒಂದೊಂದು ತುಂಡನ್ನೂ ಎರಡೆರಡು ಸಲ ತೂಗತೊಡಗಿದಳು. ಕೆಲಸ ಹಿಂದೆ ಬೀಳುತ್ತದೆ ಎಂದು ಮಾಲೀಕ ಅವಳನ್ನು ಪೊಟ್ಟಣ ಕಟ್ಟಲು ಹಾಕಿದ. ತಂಗಿಗೆ ಮಗುವಾದಾಗ ಬಾಣಂತನಕ್ಕೆ ಹೋದಳು, ಬಟ್ಟೆ ಒಗೆದಳು, ಅಡಿಗೆ ಮಾಡಿದಳು, ಮಗುವಿಗೆ ಒಂದು ತೊಟ್ಟು ನೀರು ಕುಡಿಸೆಂದರೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡಳಂತೆ. ಸೋಸಣ್ಣನಿಗೂ ಅವಳಿಗೂ ಇನ್ನೊಂದು ಮಗುವಾಗಲಿಲ್ಲ. ನೆಂಟರು ಕೇಳಿ ಕೇಳಿ, ವಯಸ್ಸು ಮೀರಿದ ಮೇಲೆ ಕೇಳುವುದನ್ನು ಬಿಟ್ಟರು. ಸೋಸಣ್ಣನ ತಾಯಿ ಸೊಸೆಯ ಕೈ ಬಗ್ಗೆ ಅಂದ ಮಾತನ್ನು ಹಿಂತೆಗೆದುಕೊಳ್ಳದೆಯೇ ತೀರಿಕೊಂಡರು. ಅವರಿಗಾದರೂ ನಿಜ ಗೊತ್ತಾಗಬೇಕಿತ್ತು.

ಮೊನ್ನೆ ಒಂದು ಭಾನುವಾರ ಗುಟುಕು ಮೇಡಂ ಒಬ್ಬ ಎಳೆಯ ಅಪ್ಪನನ್ನು ಇವರ ಮನೆಗೆ ಕಳಿಸಿದರು. ಅವನೂ ದುಡಿಯುವವನು, ಬಸ್ ಡ್ರೈವರ್. ಅವನ ಮಗುವಿಗೂ ಇದೇ ತೊಂದರೆ. ಡಬ್ಬಿ ತುಂಬಿಸಿಡುವ ಉಪಾಯವನ್ನು ಸೋಸಣ್ಣನಿಂದ ಕಲಿತು ಬಾ ಎಂದಿದ್ದರಂತೆ. ಹಾಲಿನ ಪುಡಿ, ಗಟ್ಟಿಪುಡಿ, ಚಮಚ, ಡಬ್ಬಿ ಎಲ್ಲವನ್ನೂ ಚೀಲದಲ್ಲಿ ತಂದಿದ್ದ. ಸೋಸಣ್ಣ ಚಾಪೆ ಹಾಸಿ ಎಲ್ಲವನ್ನೂ ಹರಡಿಕೊಂಡು ಹಳೆಯ ಉತ್ಸಾಹದಲ್ಲಿ ಶುರು ಮಾಡಿದ. ಹೆಂಡತಿ ಒಳಗೆ ಟೀ ಇಟ್ಟಿದ್ದಳು.

ಡ್ರೈವರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಅಣ್ಣಾ, ಒಂದು ಮಾತು. ಮೇಡಂ ಒಂದೂವರೆಗೆ ಇಳಿಸು ಅಂದಿದಾರೆ. ನನಗೆ ಧೈರ್ಯ ಸಾಲ್ತಿಲ್ಲ. ಎರಡೇ ಹಾಕ್ತಾ ಇದೀನಿ. ಮನೇಲಿ ಹೇಳಿಲ್ಲ, ಸುಮ್ನೆ ಹೆದರ್ಕೋತಾಳೆ. ಜಾಸ್ತಿ ಹಾಕಿದ್ರೆ ಏನೂ ಆಗಲ್ಲ ಅಲ್ವಾ?"

ಸೋಸಣ್ಣನ ಕೈಯಲ್ಲಿದ್ದ ಚಮಚ ಚಾಪೆಗೆ ಬಿತ್ತು. ಅವನ ದನಿ ಅಷ್ಟು ಏರಿದ್ದನ್ನು ಆ ಮನೆಯ ಗೋಡೆಗಳು ಕೇಳಿರಲಿಲ್ಲ.

"ಏನಾಗಲ್ಲ ಅಂತೀಯಾ? ಈಗಲೇ ಹೋಗಿ ಹೇಳು. ಹೆಂಡತಿಗೂ ಹೇಳು, ಮೇಡಂಗೂ ಹೇಳು. ನೀನು ಮನೇಲಿಲ್ಲದ ದಿನ ಅವಳು ಮೇಡಂ ಹೇಳಿದಷ್ಟೇ ಹಾಕ್ತಾಳೆ ಕಣೋ. ಸರಿಯಾಗೇ ಹಾಕ್ತಾಳೆ. ಮಗು ಆಸ್ಪತ್ರೆ ಸೇರುತ್ತೆ. ಎಲ್ಲರೂ ಅವಳ ಕೈ ನೋಡ್ತಾರೆ, ನೀನು ಗೋಡೆ ನೋಡ್ತಾ ನಿಂತಿರ್ತೀಯ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ..."

ಅಲ್ಲಿಗೆ ನಿಲ್ಲಿಸಿದ. ಹೆಂಡತಿ ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಡ್ರೈವರ್ ಇಬ್ಬರ ಮುಖವನ್ನೂ ನೋಡಿ ಏಳಲೋ ಬೇಡವೋ ಎಂದು ಒದ್ದಾಡಿದ. ಅವಳು ಲೋಟಗಳನ್ನು ಕೆಳಗಿಟ್ಟಳು. ಗಂಡನ ಕಡೆಗೇ ನೋಡಿ, ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಹಾಗಾದ್ರೆ ನಾನು ಕಲಸಿದ್ದು ಸರಿ ಇತ್ತಾ?"

"ಸರಿ ಇತ್ತು," ಎಂದ ಸೋಸಣ್ಣ. "ನಾನು ಎರಡು ಹಾಕ್ತಿದ್ದೆ. ನಿನ್ನದು ಸರಿ ಇತ್ತು."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅವನಿಗೆ ಎರಡರಲ್ಲೊಂದು ಬೇಕಾಗಿತ್ತು. ಚಾಪೆಯ ಮೇಲೆ ಕೂತು, ಬಿದ್ದಿದ್ದ ಚಮಚವನ್ನು ಎತ್ತಿ ತೊಳೆದು ಒರೆಸಿ ತರಲು ಡ್ರೈವರನಿಗೆ ಹೇಳಿದಳು. ಅವನು ತಂದ. ಅವಳು ಗಟ್ಟಿಪುಡಿಯ ಡಬ್ಬ ಹತ್ತಿರ ಎಳೆದುಕೊಂಡು, ಚಮಚ ತುಂಬಿ, ಚಾಕುವಿನ ಬೆನ್ನಿನಿಂದ ಒಂದೇ ಎಳೆತಕ್ಕೆ ತಲೆತಟ್ಟು ಮಾಡಿ, ಸೋಸಣ್ಣ ಹಾಲಿನ ಪುಡಿ ಹಾಕಿಟ್ಟಿದ್ದ ಡಬ್ಬಿಗೆ ಹಾಕಿದಳು. ಆಮೇಲೆ ಅರ್ಧ. ಮತ್ತೊಂದು ಡಬ್ಬಿಗೆ ಒಂದೂವರೆ, ಮಗದೊಂದಕ್ಕೆ ಒಂದೂವರೆ. ಕೈ ಒಂದಿಷ್ಟೂ ಅಲುಗಲಿಲ್ಲ. ಹದ ನೋಡುವ ಕಣ್ಣಿನವನಲ್ಲವೇ ಸೋಸಣ್ಣ, ನೋಡುತ್ತಾ ಕೂತ. ಎಲ್ಲ ಡಬ್ಬಿಯಲ್ಲೂ ಪುಡಿ ಒಂದೇ ಮಟ್ಟಕ್ಕೆ ನಿಂತಿತ್ತು.

"ಇಷ್ಟೇ ಹಾಕಪ್ಪ," ಎಂದಳು ಡ್ರೈವರನಿಗೆ. "ಆದರೆ ಈಗಲೇ ಇದನ್ನ ಕೊಡಬೇಡ. ಮೊದಲು ಮೇಡಂ ಹತ್ರ ಹೋಗಿ ನಿಜ ಹೇಳು, ಅವರು ಹೇಳಿದ ದಿನದಿಂದ ಕೊಡು. ನಿನ್ನ ಹೆಂಡತಿಗೂ ಕಲಸೋದು ಕಲಿಸು."

ಅವನು ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು, ಟೀ ಮುಟ್ಟದೆ ಹೋದ. ಬೀದಿಯಲ್ಲಿ ಮಗಳು ಗೆಳತಿಯರ ಜೊತೆ ಕೇಕೆ ಹಾಕುವುದು ಕೇಳಿಸುತ್ತಿತ್ತು. ಸೋಸಣ್ಣ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ತಪ್ಪಾಯಿತು ಎನ್ನುವುದೊಂದೇ ಸಿಕ್ಕಿತು, ಅದನ್ನೇ ಹೇಳಿದ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಚಾಪೆಯ ಮೇಲೆ ಚೆಲ್ಲಿದ್ದ ಪುಡಿಯನ್ನು ಅಂಗೈಯಿಂದ ಬಳಿಯುತ್ತಿದ್ದಳು.

"ಎರಡನೇ ಮಗು ಬೇಡ, ನನ್ನ ಕೈ ಮೇಲೆ ನನಗೇ ಧೈರ್ಯ ಇಲ್ಲ ಅಂತ ಅಂದೆನಲ್ಲ," ಎಂದಳು. "ಆವತ್ತು ನೀವು ಏನಂದ್ರಿ, ಜ್ಞಾಪಕ ಇದೆಯಾ?"

ಅವನಿಗೆ ಜ್ಞಾಪಕವಿತ್ತು.

"ನಿನ್ನಿಷ್ಟ ಅಂದ್ರಿ," ಎಂದಳು. "ನನಗೆ ಇನ್ನೊಂದು ಬೇಕಿತ್ತು ರೀ."